ಎಡಗಡೆ ಕೆಮ್ಮುವ ಗೆಳೆಯ

ನಾನು ತಿರುಗಬೇಕಿದ್ದ ರಸ್ತೆ ಹಿಂದೆ ಹೋಗಿ ಒಂಬತ್ತು ಕಿಲೋಮೀಟರ್ ಆಗಿತ್ತು. ‘ಈ ಹಾಡೊಂದು ಮುಗೀಲಿ, ಆಮೇಲೆ ಮ್ಯಾಪ್ ನೋಡಿದರಾಯ್ತು’ ಅಂದುಕೊಂಡಿದ್ದೇ ತಪ್ಪಾಯ್ತು. ಹಾಡು ಗ್ರೇಟ್‌ಫುಲ್ ಡೆಡ್ ಅನ್ನೋ ಅಮೆರಿಕದ ರಾಕ್ ತಂಡದ ‘ಡಾರ್ಕ್ ಸ್ಟಾರ್’. 1968ರಲ್ಲಿ ಸ್ಟುಡಿಯೋದಲ್ಲಿ ಮಾಡಿದ್ದು ಮೂರು ನಿಮಿಷವೂ ಇಲ್ಲ. ಮರುವರ್ಷ ಬಂದ ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿ ಅದೇ ಹಾಡು 23 ನಿಮಿಷ. ನಾನು ಹಾಕಿದ್ದು ಎರಡನೆಯದು.

ಇವರದ್ದು ಹಾಗೇ. ನಾಲ್ಕು ಸಾಲು ಹಾಡಿ, ಆಮೇಲೆ ವಾದ್ಯ ಹಿಡಿದು ತಿರುಗಾಟಕ್ಕೆ ಹೊರಟುಬಿಡುತ್ತಾರೆ. ವಾಪಸ್ ಯಾವಾಗ ಬರ್ತಾರೋ ಅವರಿಗೂ ಗೊತ್ತಿರಲ್ಲ. 1965ರಿಂದ 1995ರವರೆಗೆ 2300ಕ್ಕೂ ಜಾಸ್ತಿ ಕಛೇರಿ, ಒಂದರಂತೆ ಇನ್ನೊಂದಿಲ್ಲ. ಅದಕ್ಕೇ ಅಭಿಮಾನಿಗಳು ಮೈಕು, ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ತಂಡದವರು ಅಡ್ಡಿ ಮಾಡಲಿಲ್ಲ. 1984ರ ಅಕ್ಟೋಬರಿನಿಂದ ಅವರಿಗೆಂದೇ ಬೇರೆ ಜಾಗ ಕೊಟ್ಟರು. ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು. ದುಡ್ಡು ಮಾತ್ರ ಮಾಡಬಾರದು, ಅದೊಂದು ಅಲಿಖಿತ ನಿಯಮ.

ಈ ತಂಡದಲ್ಲಿ ಡ್ರಮ್ ಬಾರಿಸುವವರು ಇಬ್ಬರಿದ್ದರು. ಕಛೇರಿಯ ಎರಡನೇ ಭಾಗದಲ್ಲಿ ಉಳಿದವರೆಲ್ಲ ಒಳಗೆ ಹೋಗಿ, ಇವರಿಬ್ಬರೇ ಮನಸ್ಸಿಗೆ ಬಂದಂತೆ ಬಾರಿಸುತ್ತಿದ್ದರು. ಒಂದು ಸಂಜೆ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಿದ್ದೆ. ಗಾಳಿ ಜೋರಾಗಿದೆ ಅಂತ ಬಾಲ್ಕನಿ ಬಾಗಿಲು ಹಾಕಿ ಚಿಲಕವನ್ನೂ ಹಾಕಿದ್ದೆ. ನಡುವೆ ದಬ್, ದಬ್ ಅಂತ ಹೊಸದೊಂದು ಪೆಟ್ಟು ಸೇರಿಕೊಂಡಿತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಎಷ್ಟು ಸಲ ಕೇಳಿದ ರೆಕಾರ್ಡಿಂಗು, ಇದನ್ನು ಹೇಗೆ ಗಮನಿಸಲೇ ಇಲ್ಲ! ತಾಳ ಎಂಥಾ ಚೆನ್ನಾಗಿ ಕೂತಿದೆ! ಕಣ್ಣು ಮುಚ್ಚಿ ತಲೆಯಾಡಿಸಿದೆ.

ಕಣ್ಣು ಬಿಟ್ಟಾಗ ಗಾಜಿನಾಚೆ ಹೆಂಡತಿ. ಒಂದು ಕೈಯಲ್ಲಿ ಒಣಗಿದ ಬಟ್ಟೆಯ ರಾಶಿ, ಇನ್ನೊಂದು ಕೈ ಮುಷ್ಟಿ.

“ನಾನು ಬಾಗಿಲು ಬಡೀತಿದ್ರೆ ತಲೆ ಆಡಿಸ್ತೀರಲ್ರೀ!”

“ಡ್ರಮ್ಸ್ ಅಂದ್ಕೊಂಡೆ ಕಣೇ.”

ನಿಜ ಹೇಳಬಾರದಿತ್ತು. ಎರಡು ದಿನ ಮನೆಯಲ್ಲಿ ಸೊಲ್ಲಿಲ್ಲ.

ಬಡಿಯುವ ಸದ್ದನ್ನು ಗುರುತಿಸದ ನಾನು, ಕೆಮ್ಮನ್ನು ಮಾತ್ರ ಚೆನ್ನಾಗಿ ಗುರುತಿಸುತ್ತೇನೆ. ಅದೇ ರೆಕಾರ್ಡಿಂಗು ಅಭಿಮಾನಿಯೊಬ್ಬ ಜನರ ನಡುವೆ ಮೈಕು ಇಟ್ಟು ಮಾಡಿದ್ದು; ಅದರಲ್ಲಿ ಎಡಗಡೆ ಮೈಕಿನ ಹತ್ತಿರ ಯಾರೋ ಒಬ್ಬ ಎರಡು ಸಲ ಕೆಮ್ಮುತ್ತಾನೆ. ಅವನು ಕೆಮ್ಮಿದ ತಕ್ಷಣ ತಂಡದ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾನ ಗಿಟಾರ್ ಮತ್ತೆ ಶುರುವಾಗುತ್ತದೆ, ಇವನೇ ಕೈಸನ್ನೆ ಮಾಡಿದ ಹಾಗೆ. ಮೊನ್ನೆ ಅದೇ ಕಛೇರಿಯ ಸೌಂಡ್‌ಬೋರ್ಡ್ ಪ್ರತಿ ಸಿಕ್ಕಿತು. ವೇದಿಕೆಯ ಮೈಕುಗಳಿಂದ ನೇರ ಹಿಡಿದದ್ದು, ಗಾಜಿನಷ್ಟು ಸ್ವಚ್ಛ. ಬಾಸ್ ತಂತಿ ಮಿಡಿದದ್ದೂ ಬಿಡಿಬಿಡಿಯಾಗಿ ಕೇಳುತ್ತದೆ. ಆ ಜಾಗ ಬಂತು. ಕಾದೆ. ಕೆಮ್ಮಿಲ್ಲ. ಗಿಟಾರು ಹೇಳದೆ ಕೇಳದೆ ಒಳಗೆ ನುಗ್ಗಿದ ಹಾಗಾಯಿತು. ಸುಮ್ನೆ ಹಳೇದನ್ನೇ ಹಾಕಿಕೊಂಡೆ. ಈ ಸಲ ಹೆಡ್‌ಫೋನ್ ಇಲ್ಲದೆ, ಸ್ಪೀಕರಿನಲ್ಲಿ. ಬಾಲ್ಕನಿ ಬಾಗಿಲೂ ತೆಗೆದಿತ್ತು.

ಖೊಕ್, ಖೊಕ್.

“ಬಂದ್ರು ನೋಡಿ ನಿಮ್ಮ ಫ್ರೆಂಡು,” ಅಂದಳು ಹೆಂಡತಿ, ಬಟ್ಟೆ ಮಡಚುತ್ತಾ.