ಮರವನ್ನು ಹೊಗಳಿದ್ದು ಸಾಕು, ಸ್ವಲ್ಪ ನೋಡೋಣ

ಮರ ಅಂದರೆ ಸಾಕು, ಫೇಸ್‌ಬುಕ್ಕಿನಲ್ಲಿ ಎಲ್ಲರೂ ಕವಿಗಳಾಗಿಬಿಡುತ್ತಾರೆ. ಮರ ತಾಯಿ, ಮರ ಗುರು, ಮರ ತ್ಯಾಗಮೂರ್ತಿ. ಕಲ್ಲು ಹೊಡೆದರೂ ಹಣ್ಣು ಕೊಡುತ್ತದೆ ಅನ್ನುವ ಮಾತಂತೂ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ನನಗೆ ಈ ಹೊಗಳಿಕೆಯ ಮೇಲೇ ತಕರಾರು. ಇಷ್ಟೆಲ್ಲ ಹೊಗಳುವವರಲ್ಲಿ ಮರವನ್ನು ಸರಿಯಾಗಿ ನೋಡಿದವರು ಕಡಿಮೆ. ಕೂತಿರುವ ಕುರ್ಚಿ ಯಾವ ಮರದ್ದು ಅಂತ ಕೇಳಿ ನೋಡಿ, ಗೊತ್ತಾಗುತ್ತದೆ.

ಸಾಹಿತ್ಯದ ಕಥೆಯೂ ಹೆಚ್ಚುಕಡಿಮೆ ಇದೇ. ಕಾಡಿಲ್ಲದೆ ದೊಡ್ಡ ಕಥೆಗಳು ಮುಂದೆ ಸಾಗುವುದೇ ಇಲ್ಲ. ರಾಮ 14 ವರ್ಷ, ಪಾಂಡವರು 12 ವರ್ಷ. ಇಟಲಿಯ ಕವಿ ದಾಂತೆ ತನ್ನ ಕಾವ್ಯದಲ್ಲಿ ದಾರಿ ತಪ್ಪುವುದು ಕಾಡಿನಲ್ಲಿ. ಶೇಕ್ಸ್‌ಪಿಯರ್ ಪದವಿ ಕಳೆದುಕೊಂಡವರನ್ನು ಕಳಿಸುವುದೂ ಕಾಡಿಗೇ. ಆದರೆ ಎಷ್ಟೋ ಕಡೆ ಕಾಡು ಬರೀ ನಾಟಕದ ಪರದೆ. ಮುಂದೆ ಮನುಷ್ಯರು ಅಳುತ್ತಾರೆ, ಹಿಂದೆ ಹಸಿರು ಅಲ್ಲಾಡುತ್ತದೆ. ವಾಲ್ಮೀಕಿ ಇದಕ್ಕೆ ಹೊರತು. ಪಂಪಾ ಸರೋವರದ ದಡ ಬಂದರೆ ಒಂದೊಂದು ಮರದ ಹೆಸರು ಹಿಡಿದು ಹೇಳುತ್ತಾ ಹೋಗುತ್ತಾನೆ. ಸೀತೆ ಇಲ್ಲದ ದುಃಖದಲ್ಲೂ ಅವನ ರಾಮನಿಗೆ ಮರಗಳು ಬೇರೆಬೇರೆಯಾಗಿ ಕಾಣುತ್ತವೆ.

ಇನ್ನೊಬ್ಬ ಅಮೆರಿಕದ ಲೇಖಕ ಥೋರೋ. ಕಾಡಿನಲ್ಲಿ ಗುಡಿಸಲು ಕಟ್ಟಿ ಬದುಕಿದ್ದಕ್ಕೆ ಹೆಸರಾದವನು. (ಅದಕ್ಕೂ ಮೊದಲು, 1844ರಲ್ಲಿ, ಮೀನು ಬೇಯಿಸಲು ಹಚ್ಚಿದ ಬೆಂಕಿ ಕೈಮೀರಿ ಸುಮಾರು 300 ಎಕರೆ ಕಾಡು ಸುಟ್ಟಿದ್ದ. ಅವನ ಭಕ್ತರು ಇದನ್ನು ಜಾಸ್ತಿ ಹೇಳುವುದಿಲ್ಲ.) ನನಗೆ ಅವನು ಇಷ್ಟವಾಗುವುದು ಗುಡಿಸಲಿಗಲ್ಲ, 1860ರ ಒಂದು ಭಾಷಣಕ್ಕೆ. ಪೈನ್ ಕಡಿದ ಜಾಗದಲ್ಲಿ ಓಕ್ ತಾನಾಗಿ ಎದ್ದು ಬರುತ್ತದಲ್ಲ, ಹೇಗೆ? ಬೀಜವೇ ಇಲ್ಲದೆ ಹುಟ್ಟುತ್ತದೆ ಅಂತ ನಂಬಿದವರೂ ಆಗ ಇದ್ದರು. ಥೋರೋ ಪೈನ್ ಮರಗಳ ಕೆಳಗೆ ಬಗ್ಗಿ ಹುಡುಕಿದ. ಅಲ್ಲಿ ಆಗಲೇ ಪುಟ್ಟ ಓಕ್ ಸಸಿಗಳಿದ್ದವು. ಅಳಿಲುಗಳು ಓಕ್ ಕಾಯಿ ಹೊತ್ತು ತಂದು ಹೂತಿಟ್ಟು ಮರೆತಿದ್ದವು, ಅಷ್ಟೇ. ಸುಮ್ನೆ ಹಾಡಿ ಹೊಗಳದೆ ಮಂಡಿಯೂರಿ ನೋಡಿದ್ದಕ್ಕೆ ಸಿಕ್ಕ ಉತ್ತರ ಅದು.

ಕಲೆಯ ವಿಷಯಕ್ಕೆ ಬಂದರೆ ನಾವು ಮುಂಬದಿ ಮಾತ್ರ ನೋಡುವವರು. ಮೊನಾಲಿಸಾಳ ನಗುವಿನ ಬಗ್ಗೆ ಬರೆದಿದ್ದಕ್ಕೆ ಲೆಕ್ಕವಿಲ್ಲ. ಆ ಚಿತ್ರ ಇರುವುದು ಬಟ್ಟೆಯ ಮೇಲಲ್ಲ, ಒಂದೇ ಒಂದು ಪಾಪ್ಲರ್ ಹಲಗೆಯ ಮೇಲೆ. ದಪ್ಪ ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ. ಮೇಲಂಚಿನಿಂದ ತಲೆಗೂದಲವರೆಗೆ ಇಳಿದ ಹಳೆಯ ಬಿರುಕೊಂದಿದೆ. ಅದು ಮುಂದೆ ಹೋಗದಂತೆ ಹಿಂಬದಿಯಲ್ಲಿ ಚಿಟ್ಟೆಯಾಕಾರದ ಮರದ ತುಂಡನ್ನು ಕೊರೆದು ಕೂರಿಸಿದ್ದಾರೆ. ಜಗತ್ತಿನ ಅತಿ ಪ್ರಸಿದ್ಧ ಚಿತ್ರದ ಬೆನ್ನಿನಲ್ಲಿ ಇರುವುದು ಮರಗೆಲಸ. ಗಾಜಿನ ಪೆಟ್ಟಿಗೆಯೊಳಗೆ ಗಾಳಿಯ ತೇವವನ್ನು ಅಷ್ಟು ಜೋಪಾನವಾಗಿ ಕಾಯುವುದೂ ಮುಖ್ಯವಾಗಿ ಆ ಹಲಗೆಗಾಗಿ. ಐದು ಶತಮಾನ ಕಳೆದರೂ ಅದು ತೇವ ಕಂಡರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಯಾಕೆ ಹೀಗೆ? ಮರ ಅಂದರೆ ಒತ್ತೊತ್ತಾಗಿ ನಿಲ್ಲಿಸಿದ ಸಣ್ಣ ಸಣ್ಣ ಕೊಳವೆಗಳು. ನೀರು ಕೊಳವೆಯ ಗೋಡೆಯೊಳಗೂ ಕೂತಿರುತ್ತದೆ. ಅದು ಹೋದಾಗ ಗೋಡೆ ತೆಳ್ಳಗಾಗುತ್ತದೆ. ಹಾಗಾಗಿ ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅಡ್ಡದಲ್ಲೂ ಒಂದು ವ್ಯತ್ಯಾಸವಿದೆ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರದ ಸುತ್ತಳತೆಯ ದಿಕ್ಕಿಗೆ ಸುಮಾರು ಎರಡರಷ್ಟು ಜಾಸ್ತಿ. ಹಲಗೆಗಳು ಬಾಗುವುದು ಇದರಿಂದಲೇ. ಹತ್ತಿರ ಯಾವುದಾದರೂ ಮರದ ಹಲಗೆ ಇದ್ದರೆ ಅದರ ಕತ್ತರಿಸಿದ ತುದಿ ನೋಡಿ. ಉಂಗುರಗಳು ಬಿಲ್ಲಿನಂತೆ ಬಾಗಿದ್ದರೆ ಆ ಹಲಗೆ ಒಂದಲ್ಲ ಒಂದು ದಿನ ಆ ಬಿಲ್ಲು ನೆಟ್ಟಗಾಗುವ ದಿಕ್ಕಿಗೆ ಡೊಂಕಾಗುತ್ತದೆ. ಗೆರೆಗಳು ನೇರವಾಗಿ ನಿಂತಿದ್ದರೆ ಅಷ್ಟು ತಂಟೆಯಿಲ್ಲ. ಒಳ್ಳೆಯ ಬಡಗಿ ಹಲಗೆಯ ಮುಖ ನೋಡುವ ಮೊದಲು ತುದಿ ನೋಡುವುದು ಇದಕ್ಕೇ.

ಆ ತುದಿಯಲ್ಲೇ ಇತಿಹಾಸವೂ ಇದೆ. ಎ. ಇ. ಡಗ್ಲಸ್ ಅನ್ನುವ ಖಗೋಳ ವಿಜ್ಞಾನಿ ಸೂರ್ಯನ ಮೇಲಿನ ಕಪ್ಪು ಕಲೆಗಳ ಗುಟ್ಟು ಹುಡುಕಿಕೊಂಡು ಅಮೆರಿಕದ ಅರಿಜೋನಾದ ಮರಗಳ ಉಂಗುರಗಳಿಗೆ ಬಂದ. ಮಳೆ ಚೆನ್ನಾಗಿ ಬಂದ ವರ್ಷ ಅಗಲ ಉಂಗುರ, ಬರದ ವರ್ಷ ಕಿರಿದು. ಅಗಲ ಕಿರಿದಿನ ಆ ಸಾಲನ್ನು ಬದುಕಿರುವ ಮರಗಳಿಂದ ಹಿಂದಕ್ಕೆ ಜೋಡಿಸುತ್ತಾ ಹೋದ. ಅಲ್ಲಿನ ಮೂಲನಿವಾಸಿಗಳು ಬಿಟ್ಟುಹೋದ ಪಾಳು ಕಟ್ಟಡಗಳ ತೊಲೆಗಳಿಂದ ಇನ್ನೊಂದು ಸಾಲು ಸಿಕ್ಕಿತ್ತು. ಆದರೆ ಎರಡರ ನಡುವೆ ಕೊಂಡಿ ಇಲ್ಲ. ಯಾವ ಕಟ್ಟಡ ಯಾವುದಕ್ಕಿಂತ ಹಳೆಯದು ಅಂತ ಗೊತ್ತು, ಇಸವಿ ಮಾತ್ರ ಗೊತ್ತಿಲ್ಲ. 1929ರಲ್ಲಿ ಶೋ ಲೋ ಎಂಬಲ್ಲಿ ಅರೆಸುಟ್ಟ ತೊಲೆಯೊಂದು ಸಿಕ್ಕಿತು. ಅದಕ್ಕಿಟ್ಟ ಗುರುತು ಎಚ್‌ಎಚ್-39. ಕೊಂಡಿ ಕೂಡಿತು. ಎಷ್ಟೋ ಪಾಳು ಊರುಗಳಿಗೆ ಒಂದೇ ಸಲಕ್ಕೆ ಇಸವಿ ಬಂತು.

ಇದಕ್ಕಿಂತಲೂ ನನಗೆ ಇಷ್ಟವಾದದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಥೆ. ನಾರ್ಸ್ ನಾವಿಕರು, ಅಂದರೆ ವೈಕಿಂಗರು, ಅಟ್ಲಾಂಟಿಕ್ ದಾಟಿ ವಿನ್‌ಲ್ಯಾಂಡ್ ಎಂಬ ನಾಡಿಗೆ ಹೋದರು ಅಂತ ಐಸ್‌ಲ್ಯಾಂಡಿನ ಹಳೆಯ ಕಥೆಗಳು ಹೇಳುತ್ತವೆ. 1960ರಲ್ಲಿ ಲಾನ್ಸ್ ಓ ಮೆಡೋಸ್ ಅನ್ನುವಲ್ಲಿ ಅವರ ನೆಲೆಯೂ ಸಿಕ್ಕಿತು. ಯಾವ ವರ್ಷ ಅಲ್ಲಿದ್ದರು ಅನ್ನುವುದು ಮಾತ್ರ ಸಿಕ್ಕಿರಲಿಲ್ಲ. ಉತ್ತರ ಇದ್ದದ್ದು ಅವರು ಕಡಿದು ಎಸೆದ ಮರದ ತುಂಡುಗಳಲ್ಲಿ. ಅವುಗಳ ಮೇಲೆ ಕಬ್ಬಿಣದ ಉಪಕರಣದ ಗಾಯಗಳಿದ್ದವು, ಹಾಗಾಗಿ ಕಡಿದದ್ದು ನಾರ್ಸ್ ಜನರೇ ಅಂತ ಗೊತ್ತಾಯಿತು. ಕ್ರಿ.ಶ. 993ರಲ್ಲಿ ಬಾಹ್ಯಾಕಾಶದಿಂದ ಬಂದ ವಿಕಿರಣದ ಹೊಡೆತಕ್ಕೆ ಜಗತ್ತಿನ ಮರಗಳೆಲ್ಲ ಆ ವರ್ಷದ ಉಂಗುರದಲ್ಲಿ ಕಾರ್ಬನ್-14 ಅನ್ನುವ ವಿಕಿರಣಶೀಲ ಇಂಗಾಲವನ್ನು ಸ್ವಲ್ಪ ಹೆಚ್ಚಾಗಿ ತುಂಬಿಕೊಂಡಿವೆ. ವಿಜ್ಞಾನಿಗಳು ಆ ಉಂಗುರ ಹುಡುಕಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರು. 28 ಉಂಗುರ. ಅಂದರೆ ಮರ ಕಡಿದದ್ದು 1021ರಲ್ಲಿ. ಮೂರು ಬೇರೆ ಮರಗಳ ತುಂಡುಗಳು, ಮೂರರಲ್ಲೂ ಅದೇ ವರ್ಷ. 2021ರಲ್ಲಿ ಇದು ಪ್ರಕಟವಾದಾಗ ಸರಿಯಾಗಿ ಸಾವಿರ ವರ್ಷ! ಕಥೆ ಹೇಳಿದವರು ಯಾರ ಮಗ ಯಾರು ಅಂತೆಲ್ಲ ನೆನಪಿಟ್ಟುಕೊಂಡರು, ಇಸವಿ ಉಳಿದದ್ದು ಕಸದಲ್ಲಿ.

ಇನ್ನು ವಿಜ್ಞಾನವನ್ನೂ ನಾವು ಬಿಡಲಿಲ್ಲ, ಅದನ್ನೂ ತಾಯಿ ಮಾಡಿಬಿಟ್ಟೆವು. ಬೇರಿಗೆ ಅಂಟಿಕೊಂಡ ಶಿಲೀಂಧ್ರಗಳ ಮೂಲಕ ಮರಗಳು ಮಾತಾಡುತ್ತವೆ, ತಾಯಿಮರ ಮಕ್ಕಳಿಗೆ ಊಟ ಕಳಿಸುತ್ತದೆ ಅನ್ನುವ ಪೋಸ್ಟ್ ನಿಮಗೂ ಬಂದಿರುತ್ತದೆ ಅಲ್ವಾ? ಇದರ ಮೂಲ ಕೆನಡಾದ ಕಾಡು ವಿಜ್ಞಾನಿ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರ 1997ರ ಅಧ್ಯಯನ. ಬರ್ಚ್ ಮತ್ತು ಡಗ್ಲಸ್ ಫರ್ ಎಂಬ ಎರಡು ಜಾತಿಯ ಮರಗಳ ಸಸಿಗಳ ನಡುವೆ ಕಾರ್ಬನ್ ಓಡಾಡುವುದನ್ನು ಅವರು ಕಾಡಿನಲ್ಲೇ ಅಳೆದು ತೋರಿಸಿದರು. ಒಳ್ಳೆಯ ಕೆಲಸ. ಆದರೆ ಅಲ್ಲಿಂದ ತಾಯಿಪ್ರೀತಿಗೆ ಹಾರಿದ್ದು ತೀರಾ ಉದ್ದ ಜಿಗಿತ. ಅದೇ ಕ್ಷೇತ್ರದ ಮೂವರು ಸಂಶೋಧಕರು 2023ರಲ್ಲಿ ಎಲ್ಲ ಅಧ್ಯಯನಗಳನ್ನು ಜಾಲಾಡಿ ನೋಡಿದರು. ಮರಗಳು ಆ ಶಿಲೀಂಧ್ರಗಳ ಜಾಲದ ಮೂಲಕ ತಮ್ಮ ಮಕ್ಕಳನ್ನೇ ಆರಿಸಿ ಪೋಷಿಸುತ್ತವೆ ಅನ್ನುವುದಕ್ಕೆ ಕಾಡಿನಲ್ಲಿ ನಡೆದ ಪ್ರಯೋಗಗಳ ಆಧಾರವೇ ಇಲ್ಲ ಅಂದರು. ಆ ಸುದ್ದಿಗೆ ಲೈಕ್ ಬೀಳಲಿಲ್ಲ ಬಿಡಿ.

ನಿಜ ಇದಕ್ಕಿಂತ ವಿಚಿತ್ರವಾಗಿದೆ. ಮರದಲ್ಲಿ ನೀರು ಮೇಲೇರುವ ಕೊಳವೆಗಳು ಕೆಲಸ ಶುರು ಮಾಡುವುದೇ ಆ ಜೀವಕೋಶಗಳು ಸತ್ತ ಮೇಲೆ. ಒಳಗಿನ ಕೆಚ್ಚಿನಲ್ಲಿ ಜೀವಂತ ಕೋಶವೇ ಇರುವುದಿಲ್ಲ. ದೊಡ್ಡ ಮರ ಅಂದರೆ ಸತ್ತ ಕಂಬದ ಸುತ್ತ ಹೊದೆದ ತೆಳುವಾದ ಜೀವ.

ಬಿದ್ದ ಮೇಲಂತೂ ಒಳಗೆ ಜೀವ ಇನ್ನೂ ಹೆಚ್ಚುತ್ತದೆ. ಅಣಬೆ, ದುಂಬಿ, ಪಾಚಿ, ಹುಳ ಎಲ್ಲ ಸೇರಿಕೊಳ್ಳುತ್ತವೆ. ಫಿನ್‌ಲ್ಯಾಂಡಿನ ಕಾಡುಗಳ ಜೀವಪ್ರಭೇದಗಳಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಒಂದಲ್ಲ ಒಂದು ಹಂತದಲ್ಲಿ ಸತ್ತ ಮರವನ್ನೇ ನಂಬಿವೆ. ಕೊಳೆತ ದಿಮ್ಮಿಯನ್ನು ಒಮ್ಮೆ ಮುರಿದು ನೋಡಿ. ಕೆಲವು ಶಿಲೀಂಧ್ರ ತಿಂದದ್ದು ಬೆಳ್ಳಗೆ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ಇನ್ನು ಕೆಲವು ತಿಂದದ್ದು ಕಂದು ಬಣ್ಣದ ಚೌಕ ಚೌಕ ತುಂಡುಗಳಾಗಿ ಉದುರುತ್ತದೆ. ಎಲೆ ಗುಡಿಸಿ, ಒಣ ಕೊಂಬೆ ಎತ್ತಿ, ಬಿದ್ದ ದಿಮ್ಮಿ ಸಾಗಿಸಿ, "ಎಷ್ಟು ನೀಟಾದ ಕಾಡು ನೋಡಿ" ಅಂತ ಫೋಟೋ ಹಾಕುವವರಿಗೆ ನಾನು ಲೈಕ್ ಒತ್ತದೇ ಇರುವುದಕ್ಕೆ ಕಾರಣ ಇದು. ಹೊಟ್ಟೆಕಿಚ್ಚಲ್ಲ.