ಕಮಾಂಡ್ ಓಡಿತು, ಕೆಲಸ ಆಗಿಲ್ಲ

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊನ್ನೆ ಕೇಳಿದ. "ಸರ್, ಪಾರ್ಟಿಶನ್ ಮಾಡೋಕೆ ಚೆಂದದ ವೆಬ್ ಪೇಜ್ ಇದೆಯಲ್ಲ, ನೀವ್ಯಾಕೆ ಇನ್ನೂ ಆ ಕಪ್ಪು ಪರದೆ ಮುಂದೆ ಕೂರ್ತೀರಿ?" ಅವನಿಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಾರ್ಟಿಶನ್ ಅಂದ ಕೂಡಲೇ ಬಹಳ ಜನ ಡಿಸ್ಕ್ ಪಾರ್ಟಿಶನ್ ಅಂದುಕೊಳ್ಳುತ್ತಾರೆ. ಇದು ಅದಲ್ಲ. ಇಲ್ಲಿ ಪಾಲಾಗುವುದು ಇಡೀ ಸರ್ವರ್. 2000ದಲ್ಲಿ ಬಂದ ಎಚ್‌ಪಿ ಸೂಪರ್‌ಡೋಮ್ ಎಂಬ ದೊಡ್ಡ ಸರ್ವರ್ ತೆಗೆದುಕೊಳ್ಳಿ. ಅದರಲ್ಲಿ 16 ಸೆಲ್ ಬೋರ್ಡ್‌ಗಳವರೆಗೆ ಹಾಕಬಹುದಿತ್ತು. ಒಂದೊಂದು ಸೆಲ್‌ನಲ್ಲೂ 4 ಪ್ರೊಸೆಸರ್, ಅದರದೇ ಮೆಮೊರಿ. ಎರಡು ಸೆಲ್ ಈ ಪಾರ್ಟಿಶನ್‌ಗೆ, ಮೂರು ಸೆಲ್ ಆ ಪಾರ್ಟಿಶನ್‌ಗೆ ಎಂದು ಹಂಚಿದರೆ ಎರಡೂ ಬೇರೆ ಬೇರೆ ಯಂತ್ರಗಳಂತೆ ಬೂಟ್ ಆಗುತ್ತವೆ. ಸೂರು ಒಂದೇ, ಒಲೆ ಬೇರೆ. ಒಂದರ ಸೆಲ್ ಕೆಟ್ಟರೂ ಪಕ್ಕದ್ದು ತನ್ನ ಪಾಡಿಗೆ ಓಡುತ್ತಿರುತ್ತದೆ. ಒಂದೇ ಷರತ್ತು: ಪ್ರತಿ ಪಾರ್ಟಿಶನ್‌ನಲ್ಲೂ ಕೋರ್ ಐಒ (ಕನ್ಸೋಲ್‌ನಂಥ ಮೂಲ ಸಂಪರ್ಕ ಕೊಡುವ ಕಾರ್ಡ್) ಇರುವ ಛಾಸಿಗೆ, ಅಂದರೆ ಕಾರ್ಡ್‌ಗಳ ಪೆಟ್ಟಿಗೆಗೆ, ಜೋಡಿಸಿದ ಸೆಲ್ ಒಂದಾದರೂ ಇರಬೇಕು.

ಈ ಐಡಿಯಾ ಎಚ್‌ಪಿ ಕಂಡುಹಿಡಿದದ್ದೇನೂ ಅಲ್ಲ. ಸನ್ ಕಂಪನಿಯ ಇ10000ದಲ್ಲಿ 1997ರಲ್ಲೇ ಡೊಮೇನ್ ಅನ್ನೋ ಹೆಸರಲ್ಲಿ ಇಂಥದೇ ಪಾಲುಗಳಿದ್ದವು. ಐಬಿಎಂ ಮೇನ್‌ಫ್ರೇಮ್‌ನವರು ಅದಕ್ಕೂ ಮೊದಲೇ ಲಾಜಿಕಲ್ ಪಾರ್ಟಿಶನ್ ಮಾಡಿಕೊಂಡು ಕೂತಿದ್ದರು. ಇರಲಿ.

ಕಮಾಂಡ್‌ಗಳ ಹೆಸರು ನೋಡಿದರೆ ಕಷ್ಟ ಏನೂ ಇಲ್ಲ. ಪಾರ್‌ಸ್ಟೇಟಸ್ ನೋಡೋಕೆ, ಪಾರ್‌ಕ್ರಿಯೇಟ್ ಹುಟ್ಟಿಸೋಕೆ, ಪಾರ್‌ಮಾಡಿಫೈ ಬದಲಿಸೋಕೆ, ಪಾರ್‌ರಿಮೂವ್ ತೆಗೆಯೋಕೆ. ಅರ್ಧ ದಿನದಲ್ಲಿ ಕಲಿಯಬಹುದು. ಕಷ್ಟ ಇರುವುದು ಬೇರೆ ಕಡೆ. ನೀವು ಕಮಾಂಡ್ ಕೊಟ್ಟಾಗ ಬದಲಾಗುವುದು ಬಹಳ ಸಲ ಯಂತ್ರ ಅಲ್ಲ, ಯಂತ್ರದ ಬಗ್ಗೆ ಬರೆದಿಟ್ಟ ಲೆಕ್ಕ ಮಾತ್ರ. ಈ ಸೆಲ್ ಇನ್ನು ಮುಂದೆ ಈ ಪಾರ್ಟಿಶನ್ನಿನದು ಎಂದು ಬರೆದುಕೊಂಡು ಅದು ಸುಮ್ನೆ ಕೂತಿರುತ್ತದೆ. ನಿಜವಾಗಿ ಸೆಲ್ ಒಳಗೆ ಬರುವುದು ಸರಿಯಾದ ರೀತಿಯಲ್ಲಿ ರೀಬೂಟ್ ಮಾಡಿದಾಗ.

ಇದನ್ನು ನಾನು ಕಲಿತದ್ದು ಅವಮಾನ ಮಾಡಿಕೊಂಡೇ. ಆಗ ಕೆಲಸ ಮಾಡುತ್ತಿದ್ದ ಕಡೆ ಡೇಟಾಬೇಸ್ ಪಾರ್ಟಿಶನ್‌ಗೆ ಒಂದು ಸೆಲ್ ಸೇರಿಸಬೇಕಿತ್ತು. ಶನಿವಾರ ರಾತ್ರಿ ಎರಡು ಗಂಟೆ ಡೌನ್‌ಟೈಮ್ ಸಿಕ್ಕಿತ್ತು. ಪಾರ್‌ಮಾಡಿಫೈ ಕೊಟ್ಟೆ, ಎರರ್ ಇಲ್ಲ. ಖುಷಿಯಿಂದ ರೀಬೂಟ್‌ಗೆ ಶಟ್‌ಡೌನ್ ಕಮಾಂಡ್ ಕೊಟ್ಟೆ, ಜೊತೆಗೆ ಸ್ಮಾಲ್ ಆರ್ (-r) ಆಯ್ಕೆ ಹಾಕಿ. ಯಂತ್ರ ಎದ್ದು ಬಂತು. ಮೆಮೊರಿ ಮೊದಲಿದ್ದಷ್ಟೇ. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಗೆಳೆಯ ಫೋನ್‌ನಲ್ಲಿ ಕೇಳುತ್ತಿದ್ದಾನೆ, "ಏನ್ ಮಾರಾಯ, ಜಾಸ್ತಿ ಮಾಡಿದ್ದು ಎಲ್ಲಿ?"

ಬೇಕಿದ್ದದ್ದು ಕ್ಯಾಪಿಟಲ್ ಆರ್ (-R). ಸ್ಮಾಲ್ ಆರ್ ಕೊಟ್ಟರೆ ಈಗಾಗಲೇ ಓಡುತ್ತಿರುವ ಸೆಲ್‌ಗಳಷ್ಟೇ ಮತ್ತೆ ಏಳುತ್ತವೆ, ಹೊಸ ಸೆಲ್ ಬಾಗಿಲಲ್ಲೇ ನಿಂತಿರುತ್ತದೆ. ಕ್ಯಾಪಿಟಲ್ ಆರ್ ಕೊಟ್ಟರೆ ಹೊಸ ಲೆಕ್ಕ ಓದಿಕೊಂಡು ಪಾರ್ಟಿಶನ್ ಮತ್ತೆ ಕಟ್ಟಿಕೊಳ್ಳುತ್ತದೆ. ಗಾಬರಿಯಲ್ಲಿ ನಾನು ಎರಡನೇ ಸಲ ಅದರ ಜೊತೆ ಕ್ಯಾಪಿಟಲ್ ಎಚ್ ಕೂಡ ಸೇರಿಸಿಬಿಟ್ಟೆ. ಆಗ ಪಾರ್ಟಿಶನ್ ಮತ್ತೆ ಕಟ್ಟಿಕೊಳ್ಳುವ ಮುಂಚೆ ನಿಂತು ಕಾಯುತ್ತದೆ, ತಾನಾಗಿ ಬೂಟ್ ಆಗುವುದಿಲ್ಲ. ಇಪ್ಪತ್ತು ನಿಮಿಷ ಸತ್ತ ಕನ್ಸೋಲ್ ನೋಡುತ್ತಾ ಕೂತಿದ್ದೆ. ಬೋರ್ಡೇ ಸುಟ್ಟಿತೇನೋ ಅಂದುಕೊಂಡೆ. ಆಮೇಲೆ ಹಿರಿಯರೊಬ್ಬರು ಮ್ಯಾನೇಜ್‌ಮೆಂಟ್ ಪ್ರೊಸೆಸರ್‌ಗೆ (ಇಡೀ ಯಂತ್ರವನ್ನು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್) ಲಾಗಿನ್ ಆಗಿ, ಬೂಟ್ ಮಾಡಿಸುವ ಬಿಒ ಅಂತ ಎರಡಕ್ಷರ ಹೊಡೆದರು. ಎದ್ದಿತು. ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು.

ಇದು ಎಚ್‌ಪಿ ಒಂದರ ಕತೆ ಅಂದುಕೊಳ್ಳಬೇಡಿ. ಐಬಿಎಂ ಪವರ್ ಸರ್ವರ್‌ನಲ್ಲಿ ಇದೇ ತೊಡಕು ತಿರುಗುಮುರುಗಾಗಿದೆ. ಅಲ್ಲಿ ಎಚ್‌ಎಂಸಿಯಿಂದ (ಪಾರ್ಟಿಶನ್‌ಗಳನ್ನು ನಿಭಾಯಿಸುವ ಕನ್ಸೋಲ್) ಸಿಎಚ್‌ಹೆಚ್‌ಡಬ್ಲ್ಯೂಆರ್‌ಇಎಸ್ ಕಮಾಂಡ್ ಕೊಟ್ಟರೆ ಓಡುತ್ತಿರುವ ಪಾರ್ಟಿಶನ್‌ಗೇ ಮೆಮೊರಿ ಸೇರುತ್ತದೆ, ರೀಬೂಟ್ ಬೇಡ. ಆದರೆ ಪ್ರೊಫೈಲ್, ಅಂದರೆ ಬರೆದಿಟ್ಟ ಲೆಕ್ಕ, ಹಳೆಯದೇ ಇರುತ್ತದೆ. ಸಿಂಕ್ ಆಗುವ ಹಾಗೆ ಸೆಟ್ ಮಾಡಿರದಿದ್ದರೆ ಆರು ತಿಂಗಳ ನಂತರ ಯಾರೋ ಪಾರ್ಟಿಶನ್ ಪೂರ್ತಿ ಇಳಿಸಿ ಆ ಪ್ರೊಫೈಲ್‌ನಿಂದ ಮತ್ತೆ ಏಳಿಸುತ್ತಾರೆ, ಸೇರಿಸಿದ ಮೆಮೊರಿ ಮಾಯ. ಸನ್‌ನವರ ಸ್ಪಾರ್ಕ್ ಯಂತ್ರದ ಲಾಜಿಕಲ್ ಡೊಮೇನ್‌ಗಳಲ್ಲೂ ಹಾಗೇ. ಎಲ್‌ಡಿಎಂ ಕಮಾಂಡ್‌ನಿಂದ ಏನೆಲ್ಲಾ ಹಂಚಿದರೂ ಕೊನೆಗೆ ಅದನ್ನು ಸರ್ವಿಸ್ ಪ್ರೊಸೆಸರ್‌ಗೆ (ಯಂತ್ರವನ್ನು ನೋಡಿಕೊಳ್ಳುವ ಅಲ್ಲಿನ ಪುಟ್ಟ ಕಂಪ್ಯೂಟರ್) ಉಳಿಸದಿದ್ದರೆ ಪವರ್ ಹೋಗಿ ಬಂದ ಮೇಲೆ ಹಳೆಯ ಹಂಚಿಕೆಯೇ ಬರುತ್ತದೆ. ಎಚ್‌ಪಿಯಲ್ಲಿ ಲೆಕ್ಕ ಮುಂದೆ, ಯಂತ್ರ ಹಿಂದೆ. ಇವೆರಡರಲ್ಲಿ ಯಂತ್ರ ಮುಂದೆ, ಲೆಕ್ಕ ಹಿಂದೆ.

ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ವೆಬ್ ಪೇಜ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಇಡೀ ಯಂತ್ರದ ಚಿತ್ರ ಒಂದೇ ನೋಟಕ್ಕೆ ಬೇಕಾದರೆ ನಾನೂ ಅದನ್ನೇ ತೆರೆಯುತ್ತೇನೆ. ಬದಲಾವಣೆ ಮಾಡಲು ಮಾತ್ರ ಒಲ್ಲೆ. ಹಸಿರು ಟಿಕ್ ಬಂದ ಕೂಡಲೇ ಮನಸ್ಸು ಕೆಲಸ ಆಯ್ತು ಅಂತ ಎದ್ದು ಹೋಗುತ್ತದೆ, ಅಲ್ವಾ? ಕಮಾಂಡ್ ಹೊಡೆಯುವಾಗ ಸೆಲ್ ನಂಬರ್, ಪಾರ್ಟಿಶನ್ ನಂಬರ್, ಮುಂದಿನ ಬೂಟ್‌ನಲ್ಲಿ ಬಳಸಬೇಕೋ ಬೇಡವೋ ಎಲ್ಲವನ್ನೂ ನಾನೇ ಬರೆಯಬೇಕು. ಎಂಟರ್ ಒತ್ತುವ ಮೊದಲು ಪಕ್ಕದವನಿಗೆ ಜೋರಾಗಿ ಓದಿ ಹೇಳಬಹುದು. ಮೌಸ್ ಕ್ಲಿಕ್ಕನ್ನು ಯಾರಿಗೆ ಓದಿ ಹೇಳೋದು?

ಇನ್ನೊಂದು ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಈ ಕಮಾಂಡ್‌ಗಳಿಗೆ ಗೋಡೆ ಕಾಣುವುದಿಲ್ಲ. ಸೂಪರ್‌ಡೋಮ್‌ನ ಒಂದು ಪಾರ್ಟಿಶನ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿದ್ದವನು ಇಡೀ ಯಂತ್ರದ ಸೆಲ್‌ಗಳನ್ನು ನೋಡಬಲ್ಲ, ಪಕ್ಕದ ಪಾರ್ಟಿಶನ್ನಿನ ಲೆಕ್ಕವನ್ನೂ ತಿದ್ದಬಲ್ಲ. ಅಂದರೆ ಟೆಸ್ಟ್ ಪಾರ್ಟಿಶನ್‌ನ ಪಾಸ್‌ವರ್ಡ್ ಹತ್ತು ಜನರಿಗೆ ಹಂಚಿದ್ದರೆ ನಿಜವಾದ ಕೆಲಸ ನಡೆಯುವ ಪ್ರೊಡಕ್ಷನ್ ಪಾರ್ಟಿಶನ್‌ನ ಕೀಲಿಯನ್ನೂ ಕೊಟ್ಟ ಹಾಗೆ. ಇದನ್ನು ತಡೆಯಲು ಮ್ಯಾನೇಜ್‌ಮೆಂಟ್ ಪ್ರೊಸೆಸರ್‌ನಲ್ಲಿ ಪಾರ್‌ಪರ್ಮ್ ಅಂತ ಒಂದು ಕಮಾಂಡ್ ಇದೆ. ಆದರೆ ಮೊದಲಿಂದ ಆ ಅನುಮತಿ ತೆರೆದೇ ಇರುತ್ತದೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಅದನ್ನು ಮುಚ್ಚಿದ್ದವರನ್ನು ಒಂದೇ ಕೈಯಲ್ಲಿ ಎಣಿಸಬಹುದು.

ಹಾಗಾಗಿ ನನ್ನ ಹತ್ತಿರ ಕಲಿಯಲು ಬರುವವರಿಗೆ ಮೊದಲು ಹೊಡೆಸುವುದು ಪಾರ್‌ಸ್ಟೇಟಸ್ ಹೈಫನ್ ಡಬ್ಲ್ಯೂ. ನೀನು ಈಗ ಯಾವ ನಂಬರಿನ ಪಾರ್ಟಿಶನ್‌ನಲ್ಲಿ ನಿಂತಿದ್ದೀಯ ಎಂದಷ್ಟೇ ಅದು ಹೇಳುತ್ತದೆ. ಒಂದೇ ಸಾಲು. ನಾಲ್ಕು ವಿಂಡೋ ತೆರೆದಿರುವ ರಾತ್ರಿ ಆ ಒಂದು ಸಾಲಿನ ಬೆಲೆ ಗೊತ್ತಾಗುತ್ತದೆ. ಆಮೇಲೆ ಕ್ಯಾಪಿಟಲ್ ಸಿ ಹಾಕಿ ಸೆಲ್‌ಗಳ ಪಟ್ಟಿ, ಕ್ಯಾಪಿಟಲ್ ಪಿ ಹಾಕಿ ಪಾರ್ಟಿಶನ್‌ಗಳ ಪಟ್ಟಿ. ಮೂರನ್ನೂ ತಾರೀಖಿನ ಜೊತೆ ಒಂದು ಫೈಲ್‌ಗೆ ಹಾಕು. ಬದಲಾವಣೆ ಆದ ಮೇಲೆ ಇನ್ನೊಂದು ಫೈಲ್‌ಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಆಗ ಮಾತ್ರ ಮನೆಗೆ ಹೋಗು.

ಆ ಯಂತ್ರಗಳ ಕಾಲ ಮುಗಿಯಿತು, ಒಪ್ಪಿದೆ. ಆಮೇಲಿನ ಸೂಪರ್‌ಡೋಮ್‌ಗಳಲ್ಲಿದ್ದ ಐಟೇನಿಯಂ ಚಿಪ್ ಕಳಿಸುವುದನ್ನು ಇಂಟೆಲ್ 2021ರಲ್ಲೇ ನಿಲ್ಲಿಸಿತು. ಅವುಗಳ ಮೇಲೆ ಓಡುತ್ತಿದ್ದ ಆಪರೇಟಿಂಗ್ ಸಿಸ್ಟಮ್ ಎಚ್‌ಪಿ-ಯುಎಕ್ಸ್ 11ಐ ವಿ3ಯ ಬೆಂಬಲ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ನಮ್ಮಲ್ಲೂ ಕೊನೆಯ ಸೂಪರ್‌ಡೋಮ್ ಖಾಲಿ ಮಾಡುವ ಕೆಲಸ ಬಂತು. ಯಾವ ಅಪ್ಲಿಕೇಶನ್ ಯಾವ ಸೆಲ್ ಮೇಲಿದೆ ಅಂತ ಕೇಳಿದರೆ ಚೆಂದದ ಡ್ರಾಯಿಂಗ್ ಒಂದು ಸಿಕ್ಕಿತು. ಅದರಲ್ಲಿ ನಾಲ್ಕು ಪಾರ್ಟಿಶನ್ ಇದ್ದವು, ಯಂತ್ರದಲ್ಲಿ ಐದು. ಐದನೆಯದು ಯಾವಾಗ ಹುಟ್ಟಿತು, ಯಾಕೆ ಹುಟ್ಟಿತು ಅಂತ ಕೊನೆಗೆ ಸಿಕ್ಕಿದ್ದು ಹಳೆಯ ಹೋಮ್ ಡೈರೆಕ್ಟರಿಯೊಂದರಲ್ಲಿ, ತಾರೀಖು ಹಾಕಿ ಉಳಿಸಿದ್ದ ಪಾರ್‌ಸ್ಟೇಟಸ್ ಫೈಲ್‌ನಲ್ಲಿ. ಮೇಲುಗಡೆ ಯಾರೋ ಒಂದು ಸಾಲು ಬರೆದಿದ್ದರು: "ಎರಡು ವಾರಕ್ಕೆ ಮಾತ್ರ, ಟೆಸ್ಟಿಂಗ್‌ಗೆ." ಫೈಲ್‌ಗೆ ಒಂಬತ್ತು ವರ್ಷ ವಯಸ್ಸಾಗಿತ್ತು.