ಅಣ್ಣ ಬೆಲ್ಲ ಕೊಡಿದ

ಮ್ಯೂನಿಕ್‌ನಲ್ಲಿ ಮಗಳಿಗೆ ಕನ್ನಡ ಕಲಿಸಲು ನಾನು ಪಟ್ಟ ಪಾಡು ಒಂದೆರಡಲ್ಲ. ಗೋಡೆ ಮೇಲೆ ಅಕ್ಷರಮಾಲೆ, ಟ್ಯಾಬ್‌ನಲ್ಲಿ ಶಿಶುಗೀತೆ, ಆಫೀಸಿಂದ ಬಂದವನೇ ‘ಇದೇನು ಹೇಳು, ಅದೇನು ಹೇಳು’ ಅನ್ನೋ ಪರೀಕ್ಷೆ. ಎರಡೂವರೆ ವರ್ಷಕ್ಕೆ ಅವಳಿಗೆ ಬಂದದ್ದು ಬೂವ, ತಾಚಿ, ಬೇಡ. ಉಳಿದದ್ದೆಲ್ಲ ಶಿಶುವಿಹಾರದ ಜರ್ಮನ್.

ಕಳೆದ ಅಡಿಕೆ ಕೊಯ್ಲಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಆರು ವಾರ ಇದ್ದೆವು. ಅಲ್ಲಿ ಯಾರೂ ಅವಳಿಗೆ ಏನೂ ಕಲಿಸಲಿಲ್ಲ. ಕತ್ತಲಾಯಿತೆಂದರೆ ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲು. ಸುಲಿಯುವವರ ಕೈಗೂ ಬಿಡುವಿಲ್ಲ, ಬಾಯಿಗೂ ಇಲ್ಲ. ನಡುವೆ ಇವಳನ್ನು ಕೆಣಕುವುದು: ‘ಎಂತ ಮಾರಾಯ್ತಿ, ನಿಮ್ಮೂರಲ್ಲಿ ಅಡಿಕೆ ಮರ ಇದ್ಯಾ?’ ಇವಳು ಜರ್ಮನ್‌ನಲ್ಲಿ ಏನೋ ಅಂದರೆ ಎಲ್ಲರೂ ನಕ್ಕು ಮತ್ತೆ ಅದನ್ನೇ ಕೇಳುವುದು.

ಮೂರನೇ ವಾರ ಓಡಿ ಬಂದು, ‘ಅಣ್ಣ ಬೆಲ್ಲ ಕೊಡಿದ’ ಅಂದಳು. ತಿದ್ದೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, ‘ಹೌದಾ? ಅಣ್ಣ ಬೆಲ್ಲ ಕೊಟ್ಟನಾ?’ ಎಂದು ಕೇಳಿ ಸುಲಿಯುತ್ತಲೇ ಇದ್ದರು.

ಆ ಮನೆಯಲ್ಲಿ ‘ಕೊಡಿದ’ ಅಂತ ಯಾರೂ ಅಂದಿಲ್ಲ. ಮಾಡಿದ, ಓಡಿದ, ಹಾಡಿದ ಕೇಳಿ ಕೇಳಿ ಅವಳೇ ಒಂದು ಸೂತ್ರ ಕಟ್ಟಿಕೊಂಡಿದ್ದಾಳೆ. ಬರೀ ಗಿಳಿಪಾಠವಾಗಿದ್ದರೆ ಈ ತಪ್ಪು ಹುಟ್ಟುತ್ತಲೇ ಇರಲಿಲ್ಲ. ಇಂಗ್ಲಿಷ್ ಮಕ್ಕಳೂ ‘ವೆಂಟ್’ ಬದಲು ‘ಗೋಡ್’ ಅನ್ನುವುದು ಹೀಗೇ.

ಟ್ಯಾಬ್ ಯಾಕೆ ಸೋತಿತು ಎಂಬುದಕ್ಕೆ 2003ರಲ್ಲಿ ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ ತಂಡ ಪ್ರಕಟಿಸಿದ ಪ್ರಯೋಗವೊಂದು ನೆನಪಾಗುತ್ತದೆ. ಅಮೆರಿಕದ ಒಂಬತ್ತು ತಿಂಗಳ ಕೂಸುಗಳ ಜೊತೆ ಮ್ಯಾಂಡರಿನ್ ಆಡುವವರು 12 ಸಲ ಕೂತು ಆಟ ಆಡಿಸಿದಾಗ ಅವು ಆ ಭಾಷೆಯ ಧ್ವನಿಭೇದ ಹಿಡಿದವು. ಅದೇ ಮಾತನ್ನು ವಿಡಿಯೋದಲ್ಲಿ ತೋರಿಸಿದರೆ ಹಿಡಿಯಲಿಲ್ಲ. ನನ್ನ ಮಗಳು ಅಷ್ಟು ಚಿಕ್ಕವಳಲ್ಲ, ಆದರೂ ನನಗೆ ಈ ಲೆಕ್ಕ ಸರಿ ಅನ್ನಿಸಿದೆ.

ಹಾಗಂತ ನಮ್ಮ ಜಗಲಿಯೇ ಸ್ವರ್ಗವಲ್ಲ. ಇಲ್ಲಿ ಮ್ಯೂನಿಕ್‌ನ ಶಿಶುವಿಹಾರದವರು ಮಗುವಿನ ಎತ್ತರಕ್ಕೆ ಕೂತು, ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಾರೆ. ನಮ್ಮೂರಲ್ಲಿ ಕೇಳುವವರೂ ನಾವೇ, ಮಗು ಬಾಯಿ ಬಿಡುವ ಮೊದಲೇ ಉತ್ತರ ಹೇಳುವವರೂ ನಾವೇ. ಆ ಕಾಯುವ ಗುಣ ನಮಗೆ ಬರಬೇಕು.

ಈಗ ಶನಿವಾರ ಕೊಪ್ಪ ಕಡೆಯ ಇನ್ನೊಂದು ಸಂಸಾರ ನಮ್ಮನೆಗೆ ಬರುತ್ತದೆ. ಅಡಿಕೆ ಇಲ್ಲ, ಅಡುಗೆಮನೆ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತೇವೆ, ಊರ ಸುದ್ದಿ ಆಡುತ್ತೇವೆ. ಮೊನ್ನೆ ಇವಳ ಕೈಯಲ್ಲಿ ಚಾಕು ಕಂಡು ನನ್ನ ಹೆಂಡತಿ ಗದರಿದಳು.

‘ಅಪ್ಪ ಕೊಡಿದ’ ಅಂದಳು.

ನಾನು ಕೊಟ್ಟಿರಲಿಲ್ಲ.